ಎರಡನೇ ಸಾಲಿನ ಅಕ್ಕತಂಗಿ

ಊರಿನ ದೊಡ್ಡ ಚರ್ಚಿನ ಕ್ವಾಯರಿನಲ್ಲಿ ಎಂಬತ್ತು ಜನ ಹಾಡುತ್ತಿದ್ದರು. ಅಷ್ಟು ಜನರ ಹೆಸರು ಯಾರ ತಲೆಯಲ್ಲೂ ನಿಲ್ಲದ್ದರಿಂದ ಅಡ್ಡಹೆಸರುಗಳೇ ಚಲಾವಣೆಯಲ್ಲಿದ್ದವು. ಲಾರಿ ರಿಪೇರಿ ಮಾಡುತ್ತಿದ್ದ, ಪಾತಾಳದಿಂದ ದನಿ ತೆಗೆಯುತ್ತಿದ್ದ ದಢೂತಿ ಮನುಷ್ಯ ಎಲ್ಲರಿಗೂ ಗುಡುಗು. ಹಾಡು ಕಲಿಸುವವರು ಹಗಲು ಹೊತ್ತು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದುದರಿಂದ ಲೆಕ್ಕದ ಮೇಷ್ಟ್ರು. ಹೆಂಗಸರ ಕೆಳದನಿಯ ಗುಂಪಿನಲ್ಲಿ, ಎರಡನೇ ಸಾಲಿನ ತುದಿಗೆ, ಒಡಹುಟ್ಟಿದ ಇಬ್ಬರು ನಿಲ್ಲುತ್ತಿದ್ದರು. ಅವರು ದೊಡ್ಡಕ್ಕ, ಚಿಕ್ಕಕ್ಕ. ಚಿಕ್ಕಕ್ಕನಿಗೆ ಐವತ್ತು ದಾಟಿ ತಲೆ ಅರ್ಧ ಬೆಳ್ಳಗಾದ ಮೇಲೂ ಆ ಹೆಸರು ಬಿಡಲಿಲ್ಲ. ಇದು ಅವಳ ಕಥೆ.

ಅವಳು ಹುಟ್ಟಾ ಹಾಡುಗಾರ್ತಿ ಅಲ್ಲ. ಸಿದ್ಧ ಉಡುಪಿನ ಅಂಗಡಿಯೊಂದರ ಹಿಂಭಾಗದಲ್ಲಿ, ಬಟ್ಟೆ ಹಾಕಿಕೊಂಡು ನೋಡುವ ಕೋಣೆಗೆ ಅಂಟಿಕೊಂಡಂತಿದ್ದ ಕಿರಿದಾದ ಜಾಗದಲ್ಲಿ ಕೂತು, ಗಿರಾಕಿಗಳ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಸಡಿಲಿಸುವುದು, ಇದು ಅವಳ ಕೆಲಸ. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ. ಮದುವೆಯಾದ ಹತ್ತನೇ ವರ್ಷ ಕೆಲಸಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ತೀರಿಕೊಂಡ. ಮಕ್ಕಳಿರಲಿಲ್ಲ. ಹೊಲಿಗೆ ಯಂತ್ರವನ್ನೂ ಎರಡು ಪೆಟ್ಟಿಗೆಯನ್ನೂ ಹೇರಿಕೊಂಡು ಅವಳು ಅಕ್ಕನ ಮನೆಗೆ ಬಂದಳು. ಬೇಕರಿಯ ಮೇಲಿನ ಎರಡು ಕೋಣೆಯ ಮನೆ ಅದು. ಅಡುಗೆಮನೆಯ ಕಿಟಕಿಯಿಂದ ರೈಲು ಹಳಿಗಳು ಕಾಣುತ್ತಿದ್ದವು.

ಅಕ್ಕ ಮದುವೆಯಾಗಿರಲಿಲ್ಲ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುವ ಕೆಲಸ ಅವಳದು. ಊರಿನ ಅರ್ಧಕ್ಕರ್ಧ ಜನ ಅವಳ ಮುಖ ನೋಡಿರಲಿಲ್ಲ, ಆದರೆ ಅವಳ ಮಾತು ಕೇಳಿ ಎದ್ದುಬಿದ್ದು ಓಡಿದ್ದರು. ಕ್ವಾಯರಿನಲ್ಲಿ ಅವಳು ಹದಿನೆಂಟರ ವಯಸ್ಸಿನಿಂದ ಹಾಡುತ್ತಿದ್ದಳು.

ಬಂದ ಹೊಸದರಲ್ಲಿ ತಂಗಿ ಮಾತೇ ಆಡುತ್ತಿರಲಿಲ್ಲ. ಕೆಲಸಕ್ಕೆ ಹೋಗುವಳು, ಬಂದು ಗೋಡೆ ಕಡೆ ತಿರುಗಿ ಮಲಗುವಳು. ಅಕ್ಕ ಎರಡು ತಿಂಗಳು ಸುಮ್ಮನಿದ್ದು, ಒಂದು ಸಂಜೆ ಅಭ್ಯಾಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು.

"ಏಳು, ಚಪ್ಪಲಿ ಹಾಕ್ಕೋ. ನನ್ನ ಜೊತೆ ಬಾ."

"ನನಗೆ ಹಾಡೋಕೆ ಬರಲ್ಲ ಅಕ್ಕ."

"ಬರಬೇಕು ಅಂತ ಯಾರು ಹೇಳಿದ್ರು? ನನ್ನ ಪಕ್ಕ ನಿಂತ್ಕೋ, ಬಾಯಿ ತೆಗಿ. ಅಷ್ಟು ಜನರ ಮಧ್ಯೆ ನಿನ್ನನ್ನ ಯಾರು ಹುಡುಕ್ತಾರೆ."

ಹೋದಳು. ಹಾಡಿನ ಪುಸ್ತಕವನ್ನು ಅಕ್ಕ ಹಿಡಿದಿದ್ದಳು, ತಂಗಿ ಇಣುಕಿ ನೋಡುತ್ತಿದ್ದಳು. ಆರ್ಗನ್ ಶುರುವಾದಾಗ ಮರದ ನೆಲ ಅಂಗಾಲಿನ ಕೆಳಗೆ ಸಣ್ಣಗೆ ನಡುಗಿತು. ಹಿಂದಿನಿಂದ ಗಂಡಸರ ದನಿ ಬಂದು ಬೆನ್ನಿಗೆ ತಾಗಿತು, ಪಕ್ಕದಿಂದ ಅಕ್ಕನ ದನಿ ಕಿವಿಗೆ ತಾಗಿತು. ಅವಳೂ ಬಾಯಿ ತೆರೆದಳು. ಏನೋ ಹೊರಬಂತು. ಅದು ತನ್ನದೋ ಅಕ್ಕನದೋ ಅವಳಿಗೆ ತಿಳಿಯಲಿಲ್ಲ. ಗಂಡ ಸತ್ತ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರವನ್ನು ಯಾರೋ ಒಂದು ಬದಿಯಿಂದ ಎತ್ತಿ ಹಿಡಿದ ಹಾಗಾಯಿತು. ಭಾರ ಹೋಗಲಿಲ್ಲ, ಆದರೆ ಅದರ ಕೆಳಗೆ ಉಸಿರಾಡಲು ಜಾಗ ಸಿಕ್ಕಿತು. ಎತ್ತಿದವನು ದೇವರೇ ಎಂದು ಅವಳು ಅಂದು ನಂಬಿದಳು.

ಆಮೇಲೆ ಒಂದು ಅಭ್ಯಾಸವನ್ನೂ ಅವಳು ತಪ್ಪಿಸಲಿಲ್ಲ. ಗುರುಗಳು ಪ್ರಸಂಗ ಮಾಡುವ ಹೊತ್ತಿನಲ್ಲಿ ಅವಳ ಮನಸ್ಸು ಅಂಗಡಿಯಲ್ಲಿ ಬಾಕಿ ಉಳಿದ ಪ್ಯಾಂಟುಗಳ ಕಡೆಗೇ ಹೋಗುತ್ತಿತ್ತು; ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಆದರೆ ಹಾಡು ಶುರುವಾದರೆ ಮನಸ್ಸು ಎತ್ತಲೂ ಹೋಗುತ್ತಿರಲಿಲ್ಲ. ಲೆಕ್ಕದ ಮೇಷ್ಟ್ರು ಒಂದು ಪಾಠ ಹೇಳಿಕೊಟ್ಟಿದ್ದರು. ಉದ್ದ ಎಳೆಯುವ ಸ್ವರದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ಹಾಡು ತುಂಡಾಗುತ್ತದೆ. ಅದಕ್ಕೆ ಪಕ್ಕದವರು ಹಾಡುತ್ತಿರುವಾಗ ನೀವು ಮೆಲ್ಲಗೆ ಉಸಿರು ಕದಿಯಿರಿ, ಅವರು ಕದಿಯುವಾಗ ನೀವು ಹಾಡಿ. ಕೇಳುವವರಿಗೆ ಹಾಡು ಎಲ್ಲೂ ನಿಂತ ಹಾಗೆ ಕಾಣುವುದಿಲ್ಲ. ಚಿಕ್ಕಕ್ಕನಿಗೆ ಇದು ಯಾವ ಪ್ರಸಂಗಕ್ಕಿಂತಲೂ ಚೆನ್ನಾಗಿ ನಾಟಿತು. ಗಂಡ ಸತ್ತ ತಾರೀಕು ಬಂದಾಗ, ಜ್ವರವಿದ್ದಾಗ, ನಂಬಿಕೆಯೇ ಒಣಗಿದಂತಿದ್ದಾಗ, ಇವತ್ತು ನಾನು ಉಸಿರು ಕದಿಯುತ್ತೇನೆ, ಬೇರೆಯವರು ಹಾಡಿಕೊಳ್ಳಲಿ ಎಂದುಕೊಂಡು ನಿಲ್ಲುತ್ತಿದ್ದಳು.

ಅಕ್ಕತಂಗಿಯರ ಗಂಟಲು ಒಂದೇ ಅಚ್ಚಿನದು. ಕಣ್ಣು ಮುಚ್ಚಿ ಕೇಳಿದರೆ ಇದು ಇವಳು, ಇದು ಅವಳು ಎಂದು ಹೇಳಲಾಗುತ್ತಿರಲಿಲ್ಲ. "ಇಬ್ಬರಿಗೂ ಒಂದೇ ಕುರ್ಚಿ ಹಾಕಿದ್ರೆ ಸಾಕಲ್ಲ ಮೇಷ್ಟ್ರೇ, ಒಂದು ಉಳಿಯುತ್ತೆ" ಎಂದು ಗುಡುಗು ತಮಾಷೆ ಮಾಡುತ್ತಿದ್ದ. ಹೀಗೆ ಹದಿನೈದು ವರ್ಷ ನಡೆಯಿತು.

ಚರ್ಚು ಕಟ್ಟಿ ನೂರು ವರ್ಷ ತುಂಬುವ ಸಮಯ ಬಂತು. ದೊಡ್ಡ ಆರಾಧನೆ, ಹೊರಗಿನಿಂದ ಬರುವ ಹಿರಿಯ ಗುರುಗಳು, ವಾದ್ಯ ಬಿಟ್ಟು ಬರೀ ದನಿಯಲ್ಲಿ ಹಾಡಬೇಕಾದ ಒಂದು ಕಷ್ಟದ ಹಾಡು. ಆರ್ಗನ್ ಇಲ್ಲದಿದ್ದರೆ ಮರೆಯೂ ಇಲ್ಲ. ಹುಳುಕು ಕೂಡಲೇ ಹೊರಬೀಳುತ್ತದೆ. ಮೇಷ್ಟ್ರ ಮುಖ ದಿನದಿಂದ ದಿನಕ್ಕೆ ಸೊಟ್ಟಗಾಗತೊಡಗಿತು. ಹಾಡು ನಿಲ್ಲಿಸುವುದು, ಎರಡನೇ ಸಾಲಿನ ಕಡೆ ನೋಡುವುದು, ಮತ್ತೆ ಮೊದಲಿನಿಂದ ಹಿಡಿಸುವುದು. ಒಂದು ದಿನ ಅಭ್ಯಾಸ ಮುಗಿದು ಎಲ್ಲರೂ ಕ್ವಾಯರಿನ ಮಾಳಿಗೆಯಿಂದ ಇಳಿಯುತ್ತಿದ್ದಾಗ ಚಿಕ್ಕಕ್ಕನನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿದರು. ದೊಡ್ಡಕ್ಕ ಅಂದು ನಿಲ್ದಾಣದ ಸರದಿಯಲ್ಲಿದ್ದುದರಿಂದ ಬಂದಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅಮ್ಮ. ನಿಮ್ಮಿಬ್ಬರ ಕಡೆಯಿಂದ ಶ್ರುತಿ ಜಾರ್ತಿದೆ. ಸಾಲಿನ ಕೊನೆಗೆ ಬಂದಾಗ ಸ್ವಲ್ಪ ಕೆಳಗಿಳಿಯುತ್ತೆ. ಇಬ್ಬರದೂ ಒಂದೇ ದನಿ, ನನಗೆ ಬಿಡಿಸೋಕಾಗ್ತಿಲ್ಲ. ನಿಮ್ಮಕ್ಕನದ್ದಾ?"

ಒಬ್ಬೊಬ್ಬರನ್ನೇ ಹಾಡಿಸಿ ನೋಡಿ ಎಂದು ಅವಳು ಹೇಳಬಹುದಿತ್ತು. ಅದು ತಾನೇ ಆಗಿದ್ದರೆ? ಈ ಸಾಲು, ಈ ಪುಸ್ತಕ, ಈ ನಡುಗುವ ನೆಲ, ಇವನ್ನು ಬಿಟ್ಟು ಅವಳಿಗೆ ಬೇರೆ ಏನಿತ್ತು? ಆ ಭಯ ಬಾಯಿಗೆ ಬಂದುಬಿಟ್ಟಿತು.

"ಅಕ್ಕನಿಗೆ ಈಚೆಗೆ ಶೀತ ಬಿಡ್ತಾನೇ ಇಲ್ಲ ಮೇಷ್ಟ್ರೇ. ವಯಸ್ಸೂ ಆಯ್ತಲ್ಲ."

ಅಷ್ಟೇ ಹೇಳಿದ್ದು. ಒಂದೊಂದಾಗಿ ನೋಡಿದರೆ ಸುಳ್ಳೂ ಅಲ್ಲ. ಅಕ್ಕನಿಗೆ ಶೀತವಿತ್ತು, ಅರವತ್ತಕ್ಕೆ ಎರಡೇ ವರ್ಷ ಕಡಿಮೆ. ಮೇಷ್ಟ್ರು ತಲೆಯಾಡಿಸಿ ಇಳಿದುಹೋದರು. ಹಾವೂ ಸಾಯದೆ ಕೋಲೂ ಮುರಿಯದೆ ಮಾತು ಮುಗಿಯಿತೆಂದು ಚಿಕ್ಕಕ್ಕ ದಾರಿಯುದ್ದಕ್ಕೂ ತನಗೇ ಹೇಳಿಕೊಂಡಳು.

ವಾರ ಕಳೆಯುವುದರೊಳಗೆ ಮೇಷ್ಟ್ರು ದೊಡ್ಡಕ್ಕನನ್ನು ನಿಲ್ದಾಣಕ್ಕೇ ಹೋಗಿ ಕಂಡರು. ಸಂಜೆ ಅವಳು ಮನೆಗೆ ಬಂದಾಗ ತಂಗಿ ತರಕಾರಿ ಹೆಚ್ಚುತ್ತಿದ್ದಳು. ಅಕ್ಕ ಕೋಟು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಮೇಷ್ಟ್ರು ಬಂದಿದ್ರು. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಂದ್ರು. ನನ್ನ ಶ್ರುತಿ ಜಾರ್ತಿದೆಯಂತೆ."

ತಂಗಿ ಚಾಕು ನಿಲ್ಲಿಸಲಿಲ್ಲ.

"ನನಗೆ ಗೊತ್ತೇ ಆಗಿಲ್ಲ ನೋಡು," ಎಂದಳು ಅಕ್ಕ. "ನಿನಗೆ ಗೊತ್ತಾಗಿತ್ತಾ? ಪಕ್ಕದಲ್ಲೇ ನಿಂತಿರ್ತೀಯಲ್ಲ."

ಮೆಟ್ಟಿಲ ಮೇಲೆ ಆಡಿದ್ದನ್ನು ಭಯಕ್ಕೆ ಆಡಿದೆನೆಂದು ಹೇಳಿ ತೊಳೆದುಕೊಳ್ಳಲು ಇನ್ನೂ ಅವಕಾಶವಿತ್ತು. ಅವಳಿಗೆ ನಿಜವಾಗಿ ಏನೂ ಗೊತ್ತಾಗಿರಲಿಲ್ಲ, ಹಾಗೆಂದೇ ಹೇಳಬಹುದಿತ್ತು. ಆದರೆ ಹಾಗೆಂದರೆ, ಮತ್ತೆ ಜಾರುತ್ತಿರುವುದು ಯಾರು ಎಂಬ ಮುಂದಿನ ಪ್ರಶ್ನೆ ಬರುತ್ತದೆ.

"ಸ್ವಲ್ಪ," ಎಂದಳು.

"ಹಾಗಾದ್ರೆ ನೀನೇ ಹೇಳ್ಬೇಕಿತ್ತು ಕಣೇ. ಹೊರಗಿನವರ ಬಾಯಿಂದ ಕೇಳೋದಕ್ಕಿಂತ ಅದು ವಾಸಿ ಇತ್ತು," ಎಂದು ಅಕ್ಕ ಎದ್ದುಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಚಿಕ್ಕಕ್ಕ ಆಡಿದ ಆ ಒಂದು ಪದ ಮನೆಯೊಳಗೆ ಕೆಲಸ ಮಾಡತೊಡಗಿತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಗುನುಗುವುದು ಅಕ್ಕನ ಹಳೇ ಅಭ್ಯಾಸ. ಅದು ನಿಂತಿತು. ಸ್ವಲ್ಪ ದಿನಕ್ಕೆ ಅವಳು ಮೈಕಿನ ಕೆಲಸವನ್ನೂ ಬಿಟ್ಟು ಟಿಕೆಟ್ ಕೌಂಟರಿಗೆ ಬದಲಿ ಮಾಡಿಸಿಕೊಂಡಳು. ಯಾಕೆ ಎಂದು ತಂಗಿ ಕೇಳಿದಾಗ, "ನನ್ನ ಕಿವಿ ಮೇಲೆ ನನಗೇ ನಂಬಿಕೆ ಇಲ್ಲ. ಇಡೀ ಊರಿಗೆ ಯಾಕೆ ಕೇಳಿಸ್ಲಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಿಕ್ಕಕ್ಕನಿಗೆ ಎಷ್ಟೋ ಸಲೀಸಾಗುತ್ತಿತ್ತು.

ನೂರನೇ ವರ್ಷದ ಆರಾಧನೆಯ ದಿನ ಚರ್ಚು ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ಚಿಕ್ಕಕ್ಕ ಎರಡನೇ ಸಾಲಿನ ತುದಿಯಲ್ಲಿ, ಖಾಲಿ ಜಾಗವನ್ನು ಪಕ್ಕದಲ್ಲಿಟ್ಟುಕೊಂಡು ನಿಂತಳು. ಅಕ್ಕ ಕೆಳಗೆ, ಪಕ್ಕದ ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಕೂತಿದ್ದಳು. ಸಭೆಯೆಲ್ಲ ಎದ್ದು ಹಾಡುವ ಹಾಡು ಬಂದಾಗ ಅಕ್ಕನೂ ಎದ್ದಳು, ಆದರೆ ಪುಸ್ತಕ ತೆರೆಯಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಅಷ್ಟು ಜನ ಹಾಡುತ್ತಿರುವ ಕಡೆ ಒಬ್ಬಳು ಹಾಡದೆ ನಿಂತಿರುವುದು ಮೇಲಿನಿಂದ ಎಷ್ಟು ಚೆನ್ನಾಗಿ ಕಾಣುತ್ತದೆಂದು ಚಿಕ್ಕಕ್ಕನಿಗೆ ಅಂದು ತಿಳಿಯಿತು. ವಾದ್ಯವಿಲ್ಲದ ಹಾಡು ಹೇಗೋ ದಡ ಸೇರಿತು. ಎಂಬತ್ತು ಜನರ ಗದ್ದಲದಲ್ಲಿ ಅವಳ ಅಂಗಾಲಿಗೆ ನೆಲ ನಡುಗಿದ್ದು ಗೊತ್ತಾಯಿತು. ಅದು ಬರೀ ಹಲಗೆ ನಡುಗಿದ್ದು. ಹಿಂದೆ ಎದೆಯ ಭಾರವನ್ನು ಎತ್ತಿ ಹಿಡಿಯುತ್ತಿದ್ದ ಕೈ ಬರಲಿಲ್ಲ.

ಆಮೇಲೂ ಬರಲಿಲ್ಲ. ಪ್ರತಿ ಭಾನುವಾರ ಸಭೆಯೆಲ್ಲ ಒಟ್ಟಾಗಿ ಪಾಪದ ಅರಿಕೆ ಹೇಳುವಾಗ, ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುವ ಆ ಸಾಲುಗಳು ಅವಳ ಬಾಯಲ್ಲಿ ಬಿಸಿತುಪ್ಪವಾಗುತ್ತಿದ್ದವು. ನುಂಗಲಾರಳು, ಉಗುಳಲಾರಳು. ಅಕ್ಕನೇ ಜಾರುತ್ತಿದ್ದಳು, ನಾನು ಹೇಳದಿದ್ದರೂ ಮೇಷ್ಟ್ರಿಗೆ ಗೊತ್ತಾಗುತ್ತಿತ್ತು ಎಂಬ ಒಂದು ಊರುಗೋಲು ಮಾತ್ರ ಅವಳ ಕೈಯಲ್ಲಿತ್ತು. ಆರ್ಗನ್ ಇಲ್ಲದೆ ಹಾಡುವ ಸಂದರ್ಭ ಮತ್ತೆ ಬರದ್ದರಿಂದ ಅದು ಮುರಿಯಲೂ ಇಲ್ಲ. ಅದನ್ನು ಊರಿಕೊಂಡು ಆರು ವರ್ಷ ನಡೆದಳು.

ಲೆಕ್ಕದ ಮೇಷ್ಟ್ರಿಗೆ ಮಂಡಿನೋವು ಬಂದು ಮೆಟ್ಟಿಲು ಹತ್ತಲಾಗದೆ ಕ್ವಾಯರನ್ನು ಬಿಟ್ಟುಕೊಟ್ಟರು. ಅವರ ಜಾಗಕ್ಕೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಎಲ್ಲರೂ ಹೊಸ ಮೇಡಂ ಎಂದರು. ಬಂದವಳೇ ಮಾಡಿದ ಮೊದಲ ಕೆಲಸ, ಒಬ್ಬೊಬ್ಬರನ್ನೇ ಬಟ್ಟೆ ಬದಲಿಸುವ ಕೋಣೆಗೆ ಕರೆದು ಪಿಯಾನೋ ಪಕ್ಕ ನಿಲ್ಲಿಸಿ ಹಾಡಿಸಿದ್ದು. ಗುಡುಗು ಒಳಗೆ ಹೋಗುವ ಮುಂಚೆ ಮೂರು ಲೋಟ ನೀರು ಕುಡಿದ. ಚಿಕ್ಕಕ್ಕನ ಸರದಿ ಬಂತು. ನಾಲ್ಕು ಸಾಲು ಹಾಡಿದಳು. ಮೇಡಂ ಪಿಯಾನೋದ ಒಂದು ಮನೆ ಒತ್ತಿ ಸ್ವರ ಕೊಟ್ಟು, ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹಾಡಿದಳು.

"ದನಿ ಚೆನ್ನಾಗಿದೆ ಅಮ್ಮ, ತುಂಬಾ ಮೆತ್ತಗಿದೆ. ಆದ್ರೆ ಸಾಲಿನ ಕೊನೆಗೆ ಉಸಿರು ಕಡಿಮೆಯಾದಾಗ ಕೆಳಗೆ ಜಾರ್ತೀರಿ. ಇದು ಹಳೇ ಅಭ್ಯಾಸ ಇರ್ಬೇಕು, ಇವತ್ತು ನಿನ್ನೆಯದಲ್ಲ. ಮೊದಲು ನಿಮ್ಮ ಪಕ್ಕ ಯಾರು ಹಾಡ್ತಿದ್ರು?"

"ನಮ್ಮಕ್ಕ."

"ಅವರ ಕಿವಿ ತುಂಬಾ ಗಟ್ಟಿ ಇದ್ದಿರ್ಬೇಕು. ಪಕ್ಕದವರು ಸರಿಯಾಗಿ ಹಿಡಿದ್ರೆ ನೀವೂ ಅವರ ಜೊತೆ ಮುಕ್ಕಾಲು ಪಾಲು ಮೇಲೇ ಇರ್ತೀರಿ. ಅವರು ಈಗ ಬರಲ್ವಾ?"

ಚಿಕ್ಕಕ್ಕ ಏನೋ ಉತ್ತರ ಕೊಟ್ಟು ಹೊರಬಂದಳು. ಕೊಟ್ಟ ಉತ್ತರ ಏನೆಂದು ಅವಳಿಗೆ ಎಂದೂ ನೆನಪಾಗಲಿಲ್ಲ. ಮೊದಲ ಅಭ್ಯಾಸದ ದಿನ ಎದೆಯ ಭಾರವನ್ನು ಎತ್ತಿ ಹಿಡಿದವರು ಯಾರೆಂದು ಬೆಂಚಿನ ಮೇಲೆ ಕೂತು ಯೋಚಿಸಿದಳು. ಎಡಗಡೆ ಕಿವಿಗೆ ತಾಗಿದ್ದ ದನಿ ಅದು. ದೇವರು ಬಂದದ್ದು ಸುಳ್ಳಲ್ಲ, ಆದರೆ ಬರುವಾಗ ಅಕ್ಕನ ಗಂಟಲನ್ನು ತೊಟ್ಟುಕೊಂಡು ಬಂದಿದ್ದ. ಅದನ್ನೇ ಅವಳು ಮೆಟ್ಟಿಲ ತಿರುವಿನಲ್ಲಿ ಬಿಟ್ಟುಕೊಟ್ಟಿದ್ದಳು.

ಮೊದಲು ಗುರುಗಳ ಹತ್ತಿರ ಹೋದಳು. ವಯಸ್ಸಾದ, ಒಳ್ಳೆಯ ಮನುಷ್ಯ. ಎಲ್ಲವನ್ನೂ ಕೇಳಿ, "ದೇವರು ಕ್ಷಮಿಸಿದ್ದಾನಮ್ಮ, ಸಮಾಧಾನವಾಗಿ ಹೋಗು," ಎಂದರು.

"ದೇವರ ವಿಷಯ ಇರಲಿ ಗುರುಗಳೇ, ಅಕ್ಕ ಇದ್ದಾಳಲ್ಲ," ಎಂದಳು ಚಿಕ್ಕಕ್ಕ.

ಅವರು ಕನ್ನಡಕ ತೆಗೆದು ಒರೆಸಿದರು. "ಹೇಳೋದಾದ್ರೆ ಅವಳಿಗೋಸ್ಕರ ಹೇಳು. ನಿನ್ನ ಹಗುರಕ್ಕೆ ಹೇಳ್ಬೇಡ," ಎಂದರು.

ಆ ಮಾತಿನ ಅರ್ಥ ಅವಳಿಗೆ ಆಗಲೇ ಆಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ಮರುದಿನ ಮಧ್ಯಾಹ್ನ ಇಬ್ಬರೂ ಒಗೆದ ಹೊದಿಕೆಯನ್ನು ಎರಡು ತುದಿಯಲ್ಲಿ ಹಿಡಿದು ಮಡಿಸುತ್ತಿದ್ದಾಗ ಹೇಳಿಬಿಟ್ಟಳು. ಮೆಟ್ಟಿಲು, ಶೀತ, ವಯಸ್ಸು, "ಸ್ವಲ್ಪ" ಎಂದದ್ದು, ಹೊಸ ಮೇಡಂ ಅಂದದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತಳು. ಅಕ್ಕ ಅಳಲಿಲ್ಲ. ಕೈಯಲ್ಲಿದ್ದ ತುದಿಯನ್ನು ಮೆಲ್ಲಗೆ ಮಂಚದ ಮೇಲಿಟ್ಟಳು.

"ಈಗ ಯಾಕೆ ಹೇಳ್ದೆ?"

"ನಿನಗೆ ಗೊತ್ತಾಗ್ಬೇಕು ಅಂತ ಅಕ್ಕ."

"ಗೊತ್ತಾಗಿ ಏನು ಮಾಡ್ಲಿ? ವಯಸ್ಸಾಯ್ತು, ಎಲ್ಲರಿಗೂ ಒಂದು ದಿನ ಹೋಗುತ್ತೆ, ನನಗೂ ಹೋಯ್ತು ಅಂತ ಮನಸ್ಸಿಗೆ ಹೇಳಿ ಹೇಳಿ ಒಪ್ಪಿಸಿದ್ದೆ. ಎಷ್ಟು ಕಷ್ಟ ಪಟ್ಟು ಒಪ್ಪಿಸಿದ್ದೆ ಗೊತ್ತಾ ನಿನಗೆ? ಈಗ ಅದೂ ಸುಳ್ಳು ಅಂತೀಯ. ನಿನ್ನ ಹೊರೆ ಇಳಿಸ್ಕೊಂಡೆ. ನಾನೆಲ್ಲಿ ಇಳಿಸ್ಲಿ?"

"ನಾನೂ ಕ್ವಾಯರ್ ಬಿಟ್ಟುಬಿಡ್ತೀನಿ."

"ಬಿಟ್ರೆ ನನಗೇನು ಸಿಗುತ್ತೆ? ಎರಡು ಬಾಯಿ ಮುಚ್ಚಿದ ಹಾಗಾಗುತ್ತೆ ಅಷ್ಟೇ." ಇಷ್ಟು ಹೇಳಿ ಅಕ್ಕ ಹೊದಿಕೆಯನ್ನು ಒಬ್ಬಳೇ ಮಡಿಸಿ ಕಪಾಟಿನಲ್ಲಿಟ್ಟಳು.

ಅಕ್ಕ ಜಗಳವಾಡಲಿಲ್ಲ. ಅಡುಗೆ ಮಾಡಿಟ್ಟು, ತಾನು ಮೊದಲೇ ಉಂಡು ಕೋಣೆಗೆ ಹೋಗುತ್ತಿದ್ದಳು. ಉಪ್ಪು ಮುಗಿದಿದೆ, ನೀರು ಬರಲಿಲ್ಲ, ಕೀಲಿ ಕಿಟಕಿಯ ಮೇಲಿದೆ, ಇಷ್ಟೇ ಮಾತು. ಎರಡು ಕೋಣೆಯ ಮನೆಯಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವುದು ಸುಲಭದ ಕೆಲಸವಲ್ಲ. ಅಕ್ಕ ಅದನ್ನು ಮಾಡಿದಳು.

ಚಿಕ್ಕಕ್ಕ ಇನ್ನೊಂದು ಪ್ರಯತ್ನ ಮಾಡಿದಳು. ಹೊಸ ಮೇಡಂಗೆ ಎಲ್ಲವನ್ನೂ ಹೇಳಿ ಮನೆಗೆ ಕರೆತಂದಳು. ಮೇಡಂ ಒಂದು ಶನಿವಾರ ಸಂಜೆ ಬೇಕರಿಯ ಮೆಟ್ಟಿಲು ಹತ್ತಿ ಬಂದು, ಕೊಟ್ಟ ಚಹಾ ಕುಡಿದು, ನೇರವಾಗಿಯೇ ಕೇಳಿದಳು. "ನೀವು ವಾಪಸ್ ಬರ್ಬೇಕು ಅಮ್ಮ. ನಿಮ್ಮಂಥ ಕಿವಿ ನನಗೆ ಬೇಕು."

ಅಕ್ಕ ಮೊದಲು ನಕ್ಕು ತಳ್ಳಿಹಾಕಿದಳು. ಮೇಡಂ ಬಿಡಲಿಲ್ಲ. ಕೊನೆಗೆ ಅಕ್ಕ ಲೋಟ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ನೂರನೇ ವರ್ಷಕ್ಕೆ ಕಲಿತಿದ್ದ ಆ ವಾದ್ಯವಿಲ್ಲದ ಹಾಡಿನ ಮೊದಲ ಸಾಲನ್ನು ಎತ್ತಿದಳು. ಶ್ರುತಿ ಗೆರೆ ಎಳೆದ ಹಾಗಿತ್ತು. ಆದರೆ ದನಿ ಹೊರಬಂದದ್ದು ಒಡೆದು, ಒಣಗಿ, ತುಕ್ಕು ಹಿಡಿದ ಬಾಗಿಲಿನ ಹಾಗೆ. ಅರ್ಧ ಸಾಲಿಗೆ ಉಸಿರು ಮುಗಿದು ಕೆಮ್ಮು ಬಂತು. ಮೇಡಂ ತಲೆ ತಗ್ಗಿಸಿದಳು. ಆರು ವರ್ಷ ಗುನುಗಲೂ ಬಿಡದೆ ಇಟ್ಟ ಗಂಟಲು, ಆ ವಯಸ್ಸಿನಲ್ಲಿ, ಮತ್ತೆ ಹದಕ್ಕೆ ಬರುವುದು ಕಷ್ಟವೆಂದು ಮೂವರಿಗೂ ತಿಳಿಯಿತು.

"ನೋಡಿ," ಎಂದಳು ಅಕ್ಕ, ಕೆಮ್ಮು ನಿಂತ ಮೇಲೆ. "ಆಗ ದನಿ ಇತ್ತು, ಶ್ರುತಿ ಇಲ್ಲ ಅಂದ್ರು. ಈಗ ಶ್ರುತಿ ಇದೆ ಅಂತೀರಿ, ದನಿ ಇಲ್ಲ." ಮತ್ತೆ ಮೇಡಂ ಕಡೆ ಬಿಸ್ಕತ್ತಿನ ತಟ್ಟೆ ಸರಿಸಿದಳು. ಚಿಕ್ಕಕ್ಕ ಅಡುಗೆಮನೆಗೆ ಹೋಗಿ ಕಿಟಕಿ ಹಿಡಿದು ನಿಂತಳು. ಕೆಳಗೆ ಒಂದು ಗಾಡಿ ಹೊರಟಿತ್ತು; ನಿಲ್ದಾಣದ ಮೈಕಿನಲ್ಲಿ ಯಾರೋ ಬೇರೆಯವಳ ದನಿ.

ಚಿಕ್ಕಕ್ಕ ಕ್ವಾಯರ್ ಬಿಡಲಿಲ್ಲ. ಮೇಡಂ ಅವಳನ್ನು ಇಬ್ಬರು ಗಟ್ಟಿ ಹಾಡುಗಾರ್ತಿಯರ ನಡುವೆ ನಿಲ್ಲಿಸಿದಳು. ಅಲ್ಲಿ ಅವಳು ಮೆಲ್ಲಗೆ, ಕಿವಿ ಕೊಟ್ಟು, ಅವರ ಮೇಲೆ ಭಾರ ಹಾಕದಂತೆ ಹಾಡಲು ಕಲಿಯುತ್ತಿದ್ದಾಳೆ. ಎದೆ ಹಗುರವಾಗುವುದನ್ನು ಅವಳು ಈಗ ಕೇಳಿಕೊಳ್ಳುವುದಿಲ್ಲ. ಪಾಪದ ಅರಿಕೆಯ ಸಾಲುಗಳನ್ನು ನುಂಗದೆ ಪೂರ್ತಿ ಹೇಳುತ್ತಾಳೆ, ಅಷ್ಟು.

ಮೊನ್ನೆ ಮೊನ್ನೆ ಒಂದು ಸಂಜೆ ಅವಳು ಹೊರಗಿನ ಕೋಣೆಯಲ್ಲಿ ಅಂಗಡಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಾ, ಭಾನುವಾರದ ಹೊಸ ಹಾಡನ್ನು ಸಣ್ಣಗೆ ಹೇಳಿಕೊಳ್ಳುತ್ತಿದ್ದಳು. ಅಕ್ಕನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಸಾಲಿನ ಕೊನೆಗೆ ಬಂದಾಗ ಒಳಗಿನಿಂದ ಮಾತು ಬಂತು.

"ಜಾರ್ತಿದೆ."

ಚಿಕ್ಕಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಮತ್ತೆ ಹಾಡಿದಳು.

"ಇನ್ನೂ ಮೇಲೆ. ಉಸಿರು ಮೊದಲೇ ತಗೋ, ಕೊನೆಗೆ ಹುಡುಕ್ಬೇಡ."

ಮೂರನೇ ಸಲ ಹಾಡಿದಾಗ ಒಳಗಿನಿಂದ ಏನೂ ಬರಲಿಲ್ಲ. ಸರಿಯಾಗಿದೆ ಎಂದು ಅವಳು ಅರ್ಥ ಮಾಡಿಕೊಂಡಳು. ಧೈರ್ಯ ಮಾಡಿ ಕೇಳಿದಳು.

"ಒಂದ್ಸಲ ನೀನು ಹೇಳಿ ತೋರಿಸ್ತೀಯಾ ಅಕ್ಕ? ಮೆಲ್ಲಗೆ, ಸಾಕು."

"ಇಲ್ಲ," ಎಂದಳು ಅಕ್ಕ. "ಮುಂದಿನ ಸಾಲು ಹೇಳು."

ಚಿಕ್ಕಕ್ಕ ಮುಂದಿನ ಸಾಲು ಹೇಳಿದಳು.